ಕೇಸರಿ ಬಾಳೆ, ಹಳದಿ ಕೆಸು: ಪೊನ್‌ಪೇಯಲ್ಲಿರುವ ಮೊಮ್ಮಗನ ತಟ್ಟೆಗೆ ಏನು ಬಡಿಸಬೇಕು?

ಪ್ರಶ್ನೆ: ಮೇಡಂ, ನನ್ನ ಅಳಿಯನಿಗೆ ಪೆಸಿಫಿಕ್ ಸಾಗರದ ಪೊನ್‌ಪೇ ದ್ವೀಪದಲ್ಲಿ ಕೆಲಸ. ಮಗಳು ಮತ್ತು ಒಂದೂವರೆ ವರ್ಷದ ಮೊಮ್ಮಗ ಜೊತೆಗಿದ್ದಾರೆ. ಅಲ್ಲಿನ ಮಾರ್ಕೆಟ್ಟಿನಲ್ಲಿ ಥರಾವರಿ ಬಾಳೆಹಣ್ಣು, ಭಾರೀ ಗಾತ್ರದ ಕೆಸುವಿನ ಗೆಡ್ಡೆ, ಜೀಗುಜ್ಜೆ ಎಲ್ಲ ಸಿಗುತ್ತವಂತೆ. ಆದರೆ ಮಗಳು ಅಕ್ಕಿ, ಬಿಸ್ಕತ್ತು ಬಿಟ್ಟು ಬೇರೆ ತರುವುದೇ ಕಡಿಮೆ. ಒಂದು ಬಾಳೆಹಣ್ಣಿನ ಒಳಗೆ ಕುಂಬಳಕಾಯಿ ಬಣ್ಣ ಕಂಡು ಹೆದರಿ ಎಸೆದುಬಿಟ್ಟಳು. ನಾವು ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಆ ಊರಿನ ಹಳೇ ಊಟದಲ್ಲಿ ನಿಜವಾಗಿ ಅಷ್ಟು ಸತ್ವ ಇದೆಯಾ? ಇದ್ದರೆ ಅಲ್ಲಿನ ಜನಕ್ಕೆ ಬೊಜ್ಜು, ಸಕ್ಕರೆ ಕಾಯಿಲೆ ಯಾಕೆ ಇಷ್ಟೊಂದು? ಇನ್ನೊಂದು ಮಾತು: ಅಳಿಯ ರಜೆಗೆ ಬರುವಾಗ ನಮ್ಮ ಯಜಮಾನರಿಗೆ ನೋನಿ ಹಣ್ಣಿನ ಜ್ಯೂಸ್ ತರುತ್ತೇನೆ ಅನ್ನುತ್ತಿದ್ದಾರೆ. ಇವರಿಗೆ ಬಿಪಿ, ಶುಗರ್ ಎರಡೂ ಇವೆ. ಕೊಡಬಹುದಾ?

ಉತ್ತರ: ಮೊದಲು ಮಗಳಿಗೆ ಫೋನ್ ಮಾಡಿ. ಆ ಬಾಳೆಹಣ್ಣು ಮತ್ತೆ ಕಂಡರೆ ಎಸೆಯಬೇಡ, ಚಿಪ್ಪುಗಟ್ಟಲೆ ತಗೊಂಡು ಬಾ ಅಂತ ಹೇಳಿ.

ಅದು ಕೆಟ್ಟ ಹಣ್ಣಲ್ಲ. ನೀವು ಹೇಳಿದ ಬಣ್ಣ ನೋಡಿದರೆ ಅದು 'ಕಾರಟ್' ಬಾಳೆ, ಇಲ್ಲವೇ ಅದರ ಹತ್ತಿರದ ನೆಂಟ. ಗಿಡ್ಡ, ದಪ್ಪ ಹಣ್ಣು. ಸಿಪ್ಪೆ ಸುಲಿದರೆ ಒಳಗೆ ಕೇಸರಿ ಕಡೆಗೆ ತಿರುಗಿದ ಹಳದಿ. ಇದು 'ಫೇಯಿ' ಎಂಬ ಬಾಳೆ ಕುಲಕ್ಕೆ ಸೇರಿದ್ದು. ಈ ಕುಲದ ಗಿಡವನ್ನು ದೂರದಿಂದಲೇ ಗುರುತು ಹಿಡಿಯಬಹುದು. ನಾವು ನೋಡಿದ ಬಾಳೆಗೊನೆಯೆಲ್ಲ ಕೆಳಕ್ಕೆ ಜೋತು ಬಿದ್ದಿರುತ್ತದೆ, ಇದರ ಗೊನೆ ಮೇಲಕ್ಕೆ ಎದ್ದು ನಿಂತಿರುತ್ತದೆ. ಗಿಡ ಕಡಿದರೆ ಒಸರುವ ರಸವೂ ಕೆಂಪು ಮಿಶ್ರಿತ ನೇರಳೆ. ಪೆಸಿಫಿಕ್ ದ್ವೀಪಗಳ ಆಚೆ ಇವು ಕಾಣಸಿಗುವುದು ಅಪರೂಪ. ಚಿತ್ರಕಾರ ಪಾಲ್ ಗೋಗ್ಯಾಂ 1891ರಲ್ಲಿ ತಾಹಿತಿಯಲ್ಲಿ ಬರೆದ ಒಂದು ಊಟದ ಚಿತ್ರದಲ್ಲಿ ಮೇಜಿನ ಮೇಲೆ ಕೆಂಪು ಬಾಳೆಗೊನೆ ಇದೆಯಲ್ಲ, ಅದು ಇದೇ ಕುಲದ್ದು.

ಆ ಬಣ್ಣವೇ ಇಲ್ಲಿ ಮುಖ್ಯ. ಅದು ಬೀಟಾ ಕೆರೋಟಿನ್. ನಮ್ಮ ದೇಹ ಅದನ್ನು ಎ ವಿಟಮಿನ್ ಆಗಿ ಬದಲಾಯಿಸಿಕೊಳ್ಳುತ್ತದೆ. ಅಂಗಡಿಗಳಲ್ಲಿ ಎಲ್ಲೆಡೆ ಸಿಗುವ ಕ್ಯಾವೆಂಡಿಶ್ ಬಾಳೆಯ 100 ಗ್ರಾಂ ತಿರುಳಿನಲ್ಲಿ ಬೀಟಾ ಕೆರೋಟಿನ್ ಇರುವುದು ಇಪ್ಪತ್ತು, ಮೂವತ್ತು ಮೈಕ್ರೋಗ್ರಾಂ ಅಷ್ಟೇ. ಕಾರಟ್‌ನಲ್ಲಿ ಅದು 2,230ರವರೆಗೂ ಸಿಕ್ಕಿದೆ. 'ಉಟಿನ್ ಯಾಪ್' ಅನ್ನುವ ಇನ್ನೊಂದು ತಳಿ ಇದೆ, ಅದರಲ್ಲಿ 8,508 ಮೈಕ್ರೋಗ್ರಾಂವರೆಗೆ ಅಳೆದಿದ್ದಾರೆ. ಎರಡೂ ಬಾಳೆಹಣ್ಣೇ, ಆದರೆ ವ್ಯತ್ಯಾಸ ನೂರಾರು ಪಟ್ಟು.

ಇದನ್ನು ಮೊಮ್ಮಗನ ಲೆಕ್ಕಕ್ಕೆ ತರೋಣ. ಆಹಾರದಲ್ಲಿರುವ 12 ಮೈಕ್ರೋಗ್ರಾಂ ಬೀಟಾ ಕೆರೋಟಿನ್‌ನಿಂದ ದೇಹಕ್ಕೆ ದಕ್ಕುವುದು ಸುಮಾರು 1 ಮೈಕ್ರೋಗ್ರಾಂ ಎ ವಿಟಮಿನ್. ಆ ವಯಸ್ಸಿನ ಮಗುವಿಗೆ ದಿನಕ್ಕೆ 300ರಿಂದ 400 ಮೈಕ್ರೋಗ್ರಾಂ ಎ ವಿಟಮಿನ್ ಬೇಕು. ಒಳ್ಳೆಯ ಕಾರಟ್ ಹಣ್ಣು 100 ಗ್ರಾಂ ತಿಂದರೆ ಅಂದಾಜು 185 ಸಿಕ್ಕಿತು. ಉಟಿನ್ ಯಾಪ್ ಆದರೆ 50 ಗ್ರಾಂ, ಅಂದರೆ ನಾಲ್ಕು ಚಮಚ ತಿರುಳು, ಆ ದಿನದ ಕೋಟಾ ಮುಗಿಸಿಬಿಡುತ್ತದೆ. ಅದೇ ಕೆಲಸವನ್ನು ಕ್ಯಾವೆಂಡಿಶ್‌ನಿಂದ ಮಾಡಿಸಬೇಕಾದರೆ ಮಗುವಿಗೆ ಹದಿನೈದು ಕಿಲೋ ಹಣ್ಣು ತಿನ್ನಿಸಬೇಕು!

ಎ ವಿಟಮಿನ್ ಅಂದರೆ ಬರೀ ಕಣ್ಣು ಅಂತ ಅಂದುಕೊಳ್ಳುತ್ತೇವೆ. ಇರುಳುಗುರುಡು ಕಣ್ಣಿಗೆ ಕಾಣುವ ಲಕ್ಷಣ, ನಿಜ. ಆದರೆ ಕೊರತೆ ಅಷ್ಟು ಮುಂದೆ ಹೋಗುವ ಮೊದಲೇ ಮಗುವಿನ ಕರುಳು, ಶ್ವಾಸನಾಳದ ಒಳಪದರ ದುರ್ಬಲವಾಗಿರುತ್ತದೆ. ದಡಾರ, ಭೇದಿ ಬಂದರೆ ತಡೆದುಕೊಳ್ಳುವ ತಾಕತ್ತು ಇರುವುದಿಲ್ಲ. ಇದನ್ನು ಜಗತ್ತಿಗೆ ಮನದಟ್ಟು ಮಾಡಿಸಿದ್ದು ಕೂಡ ಒಂದು ದ್ವೀಪದ ಅಧ್ಯಯನವೇ. ಇಂಡೊನೇಷ್ಯಾದ ಸುಮಾತ್ರ ದ್ವೀಪದಲ್ಲಿರುವ 'ಅಚೇ' ಎಂಬ ಪ್ರಾಂತ್ಯದಲ್ಲಿ ಆಲ್ಫ್ರೆಡ್ ಸಾಮರ್ ಮತ್ತು ಜೊತೆಗಾರರು ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ವಿಟಮಿನ್ ಕೊಟ್ಟು ನೋಡಿದರು. ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು 34 ಶೇಕಡಾ ಕಡಿಮೆಯಾಗಿತ್ತು. ಅದು ಪ್ರಕಟವಾಗಿದ್ದು 1986ರಲ್ಲಿ.

ಈಗ ವಿಚಿತ್ರ ನೋಡಿ. ಇಂಥ ಬಾಳೆ ಬೆಳೆಯುವ ಪೊನ್‌ಪೇಯಲ್ಲೇ 1990ರ ದಶಕದಲ್ಲಿ ಪರೀಕ್ಷೆ ಮಾಡಿದಾಗ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಎ ವಿಟಮಿನ್ ಕೊರತೆ ಇತ್ತು. ಪಕ್ಕದ ಮಾರ್ಷಲ್ ದ್ವೀಪಗಳಲ್ಲೂ ಅದೇ ಕಥೆ. ಪರಿಹಾರ ಅಂತ ಮೊದಲು ಸೊಪ್ಪು ತಿನ್ನಿ ಎಂಬ ಪ್ರಚಾರ ನಡೆಯಿತು. ಜನ ಕಿವಿಗೇ ಹಾಕಿಕೊಳ್ಳಲಿಲ್ಲ. ಸೊಪ್ಪು ಅವರ ಊಟದ ಭಾಗವೇ ಅಲ್ಲ. ಲೋಯಿಸ್ ಎಂಗ್ಲ್‌ಬರ್ಗರ್ ಎಂಬ ಪೋಷಣಾ ತಜ್ಞೆ ಆಗ ಅಲ್ಲಿದ್ದರು. ಹಾಗಾದರೆ ಹಿಂದಿನವರು ಮಕ್ಕಳಿಗೆ ಏನು ಕೊಡುತ್ತಿದ್ದರು ಎಂದು ಅವರು ವಿಚಾರಿಸುತ್ತಾ ಹೋದರು. ಹಿರಿಯರು ಕಾರಟ್ ಹೆಸರು ಹೇಳಿದರು. ಎದೆಹಾಲಿನ ಜೊತೆಗೆ ಮಗುವಿಗೆ ಕೊಡುತ್ತಿದ್ದ ಮೊದಲ ಆಹಾರ ಅದೇ ಆಗಿತ್ತು. ಅಷ್ಟು ಹೊತ್ತಿಗೆ ಅದು ಮಾರ್ಕೆಟ್ಟಿನಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಹಣ್ಣುಗಳನ್ನು ಲ್ಯಾಬಿಗೆ ಕಳಿಸಿ ನೋಡಿದಾಗ ಮೇಲಿನ ಅಂಕಿಗಳು ಹೊರಬಂದವು. ಆಮೇಲೆ 'ಗೋ ಲೋಕಲ್' ಅನ್ನುವ ಘೋಷಣೆ ಹಿಡಿದು ದೊಡ್ಡ ಕೆಲಸವೇ ನಡೆಯಿತು. ಕಾರಟ್‌ಗೆ ಪೊನ್‌ಪೇ ರಾಜ್ಯದ ಬಾಳೆ ಎಂಬ ಗೌರವ ಬಂತು, ಬಾಳೆಹಣ್ಣಿನ ಅಂಚೆಚೀಟಿಗಳೂ ಬಂದವು. ಎಂಗ್ಲ್‌ಬರ್ಗರ್ 2011ರಲ್ಲಿ ತೀರಿಕೊಂಡರು.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಮಗಳು ಮತ್ತೆ ಗಾಬರಿಯಾಗುತ್ತಾರೆ. ಫೇಯಿ ಬಾಳೆ ತಿಂದ ಮೇಲೆ ಮೂತ್ರ ಕಣ್ಣಿಗೆ ಹೊಡೆಯುವಷ್ಟು ಹಳದಿ ಬರುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದಾಗ ಆಗುತ್ತದಲ್ಲ, ಅದೇ. ಕಾರಟ್‌ನಲ್ಲಿ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಚೆನ್ನಾಗಿದೆ, ದೇಹಕ್ಕೆ ಬೇಡವಾದದ್ದು ಹೊರಗೆ ಹೋಗುತ್ತದೆ. ಇದು ಕಾಮಾಲೆ ಅಲ್ಲ. ದಿನವೂ ತಿಂದರೆ ಅಂಗೈ, ಅಂಗಾಲು ತುಸು ಹಳದಿಯಾಗಬಹುದು, ಅದಕ್ಕೂ ಹೆದರಬೇಕಿಲ್ಲ. ಕಣ್ಣಿನ ಬಿಳಿ ಗುಡ್ಡೆ ಹಳದಿಯಾದರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು.

ಕೆಸುವಿನ ವಿಷಯಕ್ಕೆ ಬರೋಣ. ನಿಮ್ಮ ಮಗಳು ನೋಡಿದ ಭಾರೀ ಗೆಡ್ಡೆ ನಮ್ಮ ಕೆಸುವಲ್ಲ, ಅದರ ದೂರದ ದಾಯಾದಿ. ಪೊನ್‌ಪೇಯಲ್ಲಿ ಇದಕ್ಕೆ 'ಮ್ವಾಂಗ್' ಅನ್ನುತ್ತಾರೆ, ಕಿರಿಬಾಟಿಯಲ್ಲಿ 'ಬಾಬಾಯ್'. ಜೌಗು ನೆಲದ ಬೆಳೆ. ಒಂದೊಂದು ಗೆಡ್ಡೆ ವರ್ಷಗಟ್ಟಲೆ ನೆಲದಲ್ಲೇ ಕೂತು ಬಲಿಯುತ್ತದೆ. ಕಿರಿಬಾಟಿಯಂಥ ಹವಳದ ದ್ವೀಪಗಳಲ್ಲಿ ಮಣ್ಣೇ ಸರಿಯಾಗಿಲ್ಲ, ನದಿಯೂ ಇಲ್ಲ. ಅಲ್ಲಿ ಮರಳು, ಹವಳದ ಕಲ್ಲು ಅಗೆದು, ಕೆಳಗಿರುವ ಸಿಹಿನೀರಿನ ಪದರ ಸಿಗುವ ತನಕ ಗುಂಡಿ ತೋಡುತ್ತಾರೆ. ಎಲೆ, ದರಗು ಹಾಕಿ ಗೊಬ್ಬರ ಮಾಡುತ್ತಾರೆ. ಆ ಗುಂಡಿಯಲ್ಲಿ ಈ ಗೆಡ್ಡೆ ಬೆಳೆಸುತ್ತಾರೆ. ಸಮುದ್ರದ ಉಪ್ಪುನೀರು ಒಳಗೆ ನುಗ್ಗಿದರೆ ವರ್ಷಗಳ ದುಡಿಮೆ ಒಂದೇ ಸಲಕ್ಕೆ ಹೋಯಿತು. ಈಗ ಕಡಲು ಏರುತ್ತಿರುವುದರಿಂದ ಅವರಿಗೆ ಇದೇ ದೊಡ್ಡ ಚಿಂತೆ.

ಇಲ್ಲೂ ತಳಿಯ ಮೇಲೇ ಎಲ್ಲ ನಿಂತಿದೆ. ಬಿಳಿ ತಿರುಳಿನ ತಳಿಗಳಲ್ಲಿ ಕೆರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಗಾಢ ಹಳದಿ ತಳಿಗಳಲ್ಲಿ 100 ಗ್ರಾಂಗೆ 4,000 ಮೈಕ್ರೋಗ್ರಾಂ ದಾಟಿದ್ದೂ ಇದೆ. ಸತು, ಕ್ಯಾಲ್ಸಿಯಂ ಕೂಡ ಗೆಡ್ಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಮೇಲಿವೆ. ಮಗಳು ಅಂಗಡಿಯಲ್ಲಿ ಒಂದು ತುಂಡು ಕತ್ತರಿಸಿ ತೋರಿಸಿ ಅಂತ ಕೇಳಲಿ. ಹಳದಿ ಇದ್ದಷ್ಟೂ ಒಳ್ಳೆಯದು. ಲ್ಯಾಬ್ ಬೇಡ, ಕಣ್ಣೇ ಸಾಕು.

ಬೇಯಿಸುವುದರಲ್ಲಿ ಮಾತ್ರ ಅವಸರ ಬೇಡ. ಕೆಸುವಿನ ಜಾತಿಯ ಗೆಡ್ಡೆ, ಎಲೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅರೆಬೆಂದರೆ ಬಾಯಿ, ಗಂಟಲು ತುರಿಸುತ್ತದೆ. ದೊಡ್ಡವರು ಹೇಗೋ ಸಹಿಸಿಯಾರು, ಮಗು ಕಿರುಚಾಡಿಬಿಡುತ್ತದೆ, ಆಮೇಲೆ ಆ ಗೆಡ್ಡೆಯ ಸುದ್ದಿಗೇ ಬರುವುದಿಲ್ಲ. ಸಿಪ್ಪೆ ದಪ್ಪಕ್ಕೆ ತೆಗೆದು, ಪೂರ್ತಿ ಮೆತ್ತಗಾಗುವ ತನಕ ಬೇಯಿಸಿ, ಆ ನೀರು ಚೆಲ್ಲಬೇಕು. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಇದನ್ನು ಅಪರೂಪಕ್ಕೆ ತಿನ್ನುವುದು ಲೇಸು.

ಹವಳದ ದ್ವೀಪಗಳ ಇನ್ನೊಂದು ಹಣ್ಣು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಕೇದಿಗೆ ಇದೆಯಲ್ಲ, ಅದೇ ಕುಲದ ಮರದ ಹಣ್ಣು. ಕಿರಿಬಾಟಿ, ಮಾರ್ಷಲ್ ದ್ವೀಪಗಳಲ್ಲಿ ಅದರ ಕೇಸರಿ ಬಣ್ಣದ ತೊಳೆಗಳನ್ನು ಜಗಿದು ರಸ ಹೀರುತ್ತಾರೆ, ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಯಿಸಿ, ತಿರುಳು ತೆಗೆದು, ಒಣಗಿಸಿ ಹಾಳೆಯ ಹಾಗೆ ಸುತ್ತಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರಲ್ಲೂ ಕೆರೋಟಿನ್ ತುಂಬಾ ಇದೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ತಾಜಾ ನೀರಾ ಅಲ್ಲಿನವರಿಗೆ ಸಿ ವಿಟಮಿನ್ ಕೊಡುತ್ತಿತ್ತು. ತರಕಾರಿಯೇ ಬೆಳೆಯದ ನೆಲದಲ್ಲಿ ಜನ ಸಾವಿರಾರು ವರ್ಷ ಬದುಕಿದ್ದು ಸುಮ್ನೆ ಅಲ್ಲ.

ಬಣ್ಣದ ಆಹಾರದ ಜೊತೆ ಸ್ವಲ್ಪ ಕೊಬ್ಬು ಇರಲೇಬೇಕು. ಕೆರೋಟಿನ್ ನೀರಿನಲ್ಲಿ ಕರಗುವ ವಸ್ತುವಲ್ಲ, ಕೊಬ್ಬಿಲ್ಲದಿದ್ದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಒಂದು ಹೊತ್ತಿಗೆ ಮೂರು ನಾಲ್ಕು ಗ್ರಾಂ ಕೊಬ್ಬು ಸಾಕು. ಸಮೋವಾ, ಫಿಜಿ ಕಡೆ ಕೆಸುವಿನ ಎಲೆಯೊಳಗೆ ಗಟ್ಟಿ ತೆಂಗಿನ ಹಾಲು ಹಾಕಿ ಕಟ್ಟಿ, ಬಿಸಿ ಕಲ್ಲಿನ ಒಲೆಯಲ್ಲಿ ಬೇಯಿಸುವ 'ಪಲುಸಾಮಿ' ಎಂಬ ಅಡುಗೆ ಇದೆ. ಎಲೆಯ ಕೆರೋಟಿನ್, ಫೋಲೇಟ್, ತೆಂಗಿನ ಕೊಬ್ಬು ಎಲ್ಲ ಒಂದೇ ಪೊಟ್ಟಣದಲ್ಲಿ. ಯಾವ ತಜ್ಞರೂ ಬರೆದುಕೊಟ್ಟಿದ್ದಲ್ಲ ಅದು.

ತೆಂಗಿನ ಹೆಸರು ಬಂದ ಮೇಲೆ ನೀವು ಕೇಳದಿದ್ದರೂ ಒಂದು ಮಾತು. ತೆಂಗಿನೆಣ್ಣೆ ಹೃದಯಕ್ಕೆ ಅಮೃತ ಅನ್ನುವವರು ಟೊಕೆಲಾವು ದ್ವೀಪದ ಉದಾಹರಣೆ ಕೊಡುತ್ತಾರೆ. 1981ರಲ್ಲಿ ಪ್ರಕಟವಾದ ಅಧ್ಯಯನ ಅದು. ಟೊಕೆಲಾವಿನ ಜನರಿಗೆ ಶಕ್ತಿಯ 63 ಶೇಕಡಾ ತೆಂಗಿನಿಂದಲೇ ಬರುತ್ತಿತ್ತು, ಪುಕಾಪುಕಾ ದ್ವೀಪದವರಿಗೆ 34 ಶೇಕಡಾ. ಎರಡೂ ಕಡೆ ಹೃದಯದ ಕಾಯಿಲೆ ಅಪರೂಪವಾಗಿತ್ತು. ಇಷ್ಟು ಹೇಳಿ ನಿಲ್ಲಿಸಿಬಿಡುತ್ತಾರೆ. ಉಳಿದದ್ದನ್ನು ನಾನು ಹೇಳುತ್ತೇನೆ: ತೆಂಗು ಜಾಸ್ತಿ ತಿನ್ನುತ್ತಿದ್ದ ಟೊಕೆಲಾವಿನವರ ಕೊಲೆಸ್ಟ್ರಾಲ್ ಪುಕಾಪುಕಾದವರಿಗಿಂತ ಜಾಸ್ತಿಯೇ ಇತ್ತು. ಆದರೆ ಅವರು ದಿನವೂ ಮೀನು ತಿನ್ನುತ್ತಿದ್ದರು, ಮೈ ಮುರಿದು ದುಡಿಯುತ್ತಿದ್ದರು, ಸಕ್ಕರೆ ತೀರಾ ಕಡಿಮೆ ಮುಟ್ಟುತ್ತಿದ್ದರು. 1966ರ ಚಂಡಮಾರುತದ ನಂತರ ಅವರಲ್ಲಿ ಬಹಳ ಜನ ನ್ಯೂಜಿಲೆಂಡಿಗೆ ವಲಸೆ ಹೋದರು. ಅಲ್ಲಿ ತೆಂಗು ಕಡಿಮೆಯಾಯಿತು, ಅದರ ಜಾಗಕ್ಕೆ ಬ್ರೆಡ್ಡು, ಸಕ್ಕರೆ, ಮಾಂಸ ಬಂತು. ತೂಕ ಏರಿತು, ಸಕ್ಕರೆ ಕಾಯಿಲೆ ಹೆಚ್ಚಿತು. ಹಾಗಾಗಿ ತೆಂಗಿಗೆ ಒಬ್ಬಂಟಿಯಾಗಿ ಪ್ರಶಸ್ತಿ ಕೊಡಲೂ ಬಾರದು, ಅದರ ಮೇಲೆ ಗೂಬೆ ಕೂರಿಸಲೂ ಬಾರದು. ಮೊಮ್ಮಗನ ಅಡುಗೆಗೆ ಎರಡು ಚಮಚ ತೆಂಗಿನ ಹಾಲು ಸರಿ. ನಿಮ್ಮ ಯಜಮಾನರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಂಗಿನೆಣ್ಣೆ ಕುಡಿಸುವ ಉಪದ್ವ್ಯಾಪ ಬೇಡ.

ಜೀಗುಜ್ಜೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿಮಗೆ ಗೊತ್ತಿರುವುದೇ. ಅಲ್ಲಿ ಅದು ಪಲ್ಯಕ್ಕಲ್ಲ, ಅನ್ನದ ಜಾಗಕ್ಕೆ. ಹಸಿ ಜೀಗುಜ್ಜೆಯ 100 ಗ್ರಾಂನಲ್ಲಿ ಸುಮಾರು 103 ಕ್ಯಾಲೊರಿ, ಸುಮಾರು 5 ಗ್ರಾಂ ನಾರು, 490 ಮಿಲಿಗ್ರಾಂ ಪೊಟ್ಯಾಷಿಯಂ, 29 ಮಿಲಿಗ್ರಾಂ ಸಿ ವಿಟಮಿನ್. ಬೇಯಿಸಿದಾಗ ಸಿ ವಿಟಮಿನ್ ಒಂದಿಷ್ಟು ಹೋಗುತ್ತದೆ. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ಕ್ಯಾಲೊರಿ 130, ನಾರು ಅರ್ಧ ಗ್ರಾಂ ಕೂಡ ಇಲ್ಲ, ಪೊಟ್ಯಾಷಿಯಂ 35 ಮಿಲಿಗ್ರಾಂ, ಸಿ ವಿಟಮಿನ್ ಸೊನ್ನೆ. ಪ್ರೋಟೀನ್ ಮಾತ್ರ ಅನ್ನದಲ್ಲೇ ವಾಸಿ. ಜೀಗುಜ್ಜೆಯಲ್ಲಿ ಒಂದು ಗ್ರಾಂ ಆಸುಪಾಸು, ಅದಕ್ಕೇ ಅಲ್ಲಿ ಅದರ ಪಕ್ಕದಲ್ಲಿ ಯಾವಾಗಲೂ ಮೀನು. ಫಸಲು ಮಿಕ್ಕಿದಾಗ ಎಲೆ ಹಾಸಿದ ಗುಂಡಿಯಲ್ಲಿ ಹೂತಿಟ್ಟು ಹುಳಿ ಬರಿಸುತ್ತಾರೆ, ಬರಗಾಲಕ್ಕೆ ಆಪದ್ಧನ. ವಾಸನೆ ಹೊಸಬರಿಗೆ ಒಗ್ಗುವುದು ಕಷ್ಟ!

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇಷ್ಟೆಲ್ಲ ಇದ್ದೂ ಅಲ್ಲಿನವರಿಗೆ ಬೊಜ್ಜು, ಸಕ್ಕರೆ ಕಾಯಿಲೆ ಯಾಕೆ?

ಯಾಕೆಂದರೆ ಈಗ ಅವರು ಇದನ್ನು ತಿನ್ನುವುದು ಕಡಿಮೆ. ಪೊನ್‌ಪೇ 1914ರಿಂದ ಎರಡನೇ ಮಹಾಯುದ್ಧ ಮುಗಿಯುವ ತನಕ ಜಪಾನಿನ ಕೈಯಲ್ಲಿತ್ತು. 1947ರಿಂದ ವಿಶ್ವಸಂಸ್ಥೆಯ ಹೆಸರಿನಲ್ಲಿ ಅಮೆರಿಕದ ಆಡಳಿತ. ಅಕ್ಕಿಯ ರೂಢಿ ಜಪಾನಿನ ಕಾಲದಲ್ಲೇ ಹತ್ತಿತ್ತು. 1960, 70ರ ದಶಕಗಳಲ್ಲಿ ಅಮೆರಿಕದ ನೆರವಿನ ಅಕ್ಕಿ, ಡಬ್ಬಿ ಆಹಾರ ಶಾಲೆಯ ಊಟಕ್ಕೆ ಬಂತು. ಮನೆಯಲ್ಲಿ ಬಾಳೆ ತಿಂದ ಮಗು ಶಾಲೆಯಲ್ಲಿ ಬಿಳಿ ಅನ್ನ ತಿಂದಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಡಬ್ಬಿ ಊಟ ಪ್ರತಿಷ್ಠೆಯದು, ಹಿತ್ತಲ ಊಟ ಬಡವರದು ಅನ್ನುವ ಮನಸ್ಸು ಬಂತು. ನಮಗೆ ಇದು ಹೊಸ ಕಥೆ ಏನಲ್ಲ, ಅಲ್ವಾ? ನಾವು ರಾಗಿಗೆ ಮಾಡಿದ್ದೂ ಇದನ್ನೇ.

ಡಬ್ಬಿಯೊಳಗೆ ಏನಿದೆ ಅಂತಲೂ ನೋಡಿ. ಆ ದ್ವೀಪಗಳಲ್ಲಿ ತುಂಬಾ ಓಡುವ ಸ್ಪ್ಯಾಮ್ ಎಂಬ ಡಬ್ಬಿ ಮಾಂಸದ 56 ಗ್ರಾಂ ತುಂಡಿನಲ್ಲಿ ಸುಮಾರು 790 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 2,000. ಮೂರು ತುಂಡು ತಿಂದರೆ ಮಿತಿ ದಾಟಿಯಾಯಿತು. ಇನ್ನು ಬೇರೆ ದೇಶದವರು ತಿನ್ನದೆ ಬಿಡುವ ಕೊಬ್ಬಿನ ತುಂಡುಗಳು ಅಲ್ಲಿಗೆ ಅಗ್ಗಕ್ಕೆ ಬಂದು ಬೀಳುತ್ತವೆ. ಟರ್ಕಿ ಕೋಳಿಯ ಬಾಲದ ಭಾಗವನ್ನು ಸಮೋವಾ ಸರ್ಕಾರ 2007ರಲ್ಲಿ ನಿಷೇಧಿಸಿತು. ಆದರೆ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಆ ನಿಷೇಧವನ್ನು ಕೈಬಿಡಲು ಒಪ್ಪಬೇಕಾಯಿತು. ಜನರ ನಾಲಿಗೆಯದ್ದು ಮಾತ್ರ ತಪ್ಪು ಅಂತ ಹೇಳುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ನೌರು ದ್ವೀಪದಲ್ಲಿ ಇನ್ನೂ ಬೇಗ ಆಯಿತು. ಫಾಸ್ಫೇಟ್ ಗಣಿಗಾರಿಕೆಯಿಂದ ದುಡ್ಡು ಬಂತು, ನೆಲ ಹಾಳಾಯಿತು, ಊಟ ಪೂರ್ತಿ ಹಡಗಿನಿಂದ ಇಳಿಯತೊಡಗಿತು. 1970ರ ದಶಕದ ಸಮೀಕ್ಷೆಯಲ್ಲೇ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ಮಾರ್ಷಲ್ ದ್ವೀಪಗಳದ್ದು ಬೇರೆಯೇ ದುರಂತ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಅಣುಪರೀಕ್ಷೆ ನಡೆಸಿತು. ಅಲ್ಲಿನ ಬಿಕಿನಿ ದ್ವೀಪದ ಜನ ಊರು ಬಿಟ್ಟರು. ಎಪ್ಪತ್ತರ ದಶಕದಲ್ಲಿ ಕೆಲವರು ವಾಪಸ್ ಬಂದರೆ, ನೆಲದಲ್ಲಿ ಉಳಿದಿದ್ದ ವಿಕಿರಣ ಸೂಸುವ ಸೀಸಿಯಂ ತೆಂಗಿನಕಾಯಿಗೆ ಏರಿ, ಅದನ್ನು ತಿಂದವರ ಮೈಗೆ ಸೇರುತ್ತಿದೆ ಎಂದು ಗೊತ್ತಾಗಿ 1978ರಲ್ಲಿ ಮತ್ತೆ ಅವರನ್ನು ಸಾಗಿಸಿದರು. ಸ್ವಂತ ಮರದ ಕಾಯಿ ತಿನ್ನಬಾರದು ಅಂದರೆ ಡಬ್ಬಿ ತೆರೆಯದೆ ಇನ್ನೇನು ಮಾಡುತ್ತಾರೆ, ಹೇಳಿ. ಕಿರಿಬಾಟಿಯ ಕುರಿಯಾ ದ್ವೀಪದಲ್ಲಿ 2014-15ರಲ್ಲಿ ಬಿ1 ವಿಟಮಿನ್ ಕೊರತೆಯ ಬೆರಿಬೆರಿ ಕಾಣಿಸಿಕೊಂಡಿತು. ಪಾಲಿಶ್ ಅಕ್ಕಿಯ ಊಟಕ್ಕೆ ಅಂಟಿಕೊಂಡೇ ಬರುವ, ನೂರು ವರ್ಷ ಹಳೆಯ ಕಾಯಿಲೆ ಅದು.

ಜೀನ್‌ಗಳದ್ದೂ ಪಾಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಜೀನ್ ಇದ್ದ ಅವರ ಅಜ್ಜ ಅಜ್ಜಿಯರಿಗೆ ಈ ಪ್ರಮಾಣದಲ್ಲಿ ಕಾಯಿಲೆ ಇರಲಿಲ್ಲ.

ಇಲ್ಲಿ ನಿಮ್ಮ ಮನೆಯವರಿಗೆ ಒಂದು ತೊಡಕಿದೆ. ಆ ಹಳೇ ಊಟ ಚೆನ್ನಾಗಿ ನಡೆದದ್ದು ಗೆಡ್ಡೆ, ಬಾಳೆಗಳ ಜೊತೆ ಮೀನು ಇದ್ದದ್ದರಿಂದ. ಪ್ರೋಟೀನ್, ಬಿ12, ಕಬ್ಬಿಣ, ಅಯೋಡಿನ್, ಒಮೆಗಾ 3 ಕೊಬ್ಬು ಎಲ್ಲ ಅಲ್ಲಿಂದ. ನೀವು ಮೀನು ಬಿಟ್ಟು ಬರೀ ಗೆಡ್ಡೆ, ಬಾಳೆ ತಗೊಂಡರೆ ಊಟ ಅರ್ಧವಾಯಿತು. ಹಾಗಾಗಿ ಮಗುವಿಗೆ ದಿನಕ್ಕೊಂದು ಮೊಟ್ಟೆ ತಪ್ಪಿಸಬೇಡಿ. ಹಾಲಿನ ಪುಡಿಯೋ ಪ್ಯಾಕೆಟ್ ಹಾಲೋ ಯಾವುದಾದರೂ ಇರಲಿ, ಸಕ್ಕರೆ ಸೇರಿಸದ್ದು. ಬೇಳೆಕಾಳು ಸಿಕ್ಕಾಗ ಕೂಡಿಸಿಟ್ಟುಕೊಳ್ಳಲಿ. ಅಯೋಡಿನ್ ಉಪ್ಪನ್ನೇ ಕೇಳಿ ತರಲಿ. ಮಗಳು, ಅಳಿಯ ಊರಿಗೆ ಬಂದಾಗ ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಅಳಿಯ ಹೊರಗೆ ಮೀನು ತಿನ್ನುವವರಾದರೆ (ನಿಮಗೆ ಹೇಳದೆ ತಿನ್ನುತ್ತಿರಬಹುದು, ನಾನು ಬಾಯಿ ಬಿಡುವುದಿಲ್ಲ) ಹವಳದ ದಿಬ್ಬದ ದೊಡ್ಡ ಮೀನುಗಳ ಬಗ್ಗೆ ಅಲ್ಲಿನ ಮೀನುಗಾರರ ಮಾತು ಕೇಳಲಿ. ಸಿಗ್ವಟೆರಾ ಎಂಬ ವಿಷ ಅವುಗಳಲ್ಲಿ ಸೇರಿರಬಹುದು, ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಮೊಮ್ಮಗನಿಗೆ ಹೀಗೆ ಶುರು ಮಾಡಬಹುದು. ಚೆನ್ನಾಗಿ ಹಣ್ಣಾದ ಕಾರಟ್‌ನ ಸಿಪ್ಪೆ ಅರ್ಧ ಸುಲಿದು, ಚಮಚದಲ್ಲಿ ಕೆರೆದು ಕೊಡಲಿ. ದಿನಕ್ಕೆ ಒಂದು ಹಣ್ಣು ಸಾಕು, ಊಟದ ಹೊತ್ತಿಗೇ ಕೊಟ್ಟರೆ ಊಟದ ಕೊಬ್ಬು ಜೊತೆಗೆ ಸೇರುತ್ತದೆ. ಫೇಯಿ ಕುಲದ ಕೆಲವು ತಳಿಗಳು ಹಾಗೇ ತಿನ್ನಲು ರುಚಿಸುವುದಿಲ್ಲ, ಅವನ್ನು ಬೇಯಿಸಿಯೇ ತಿನ್ನಬೇಕು. ಮಾರುವ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಹಳದಿ ಮ್ವಾಂಗ್ ಬೇಯಿಸಿ, ಗಂಟಿಲ್ಲದಂತೆ ಹಿಸುಕಿ, ತೆಂಗಿನ ಹಾಲು ಬೆರೆಸಿದರೆ ಮಕ್ಕಳು ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ತುಂಡು ಮಾತ್ರ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅನ್ನ ಪೂರ್ತಿ ನಿಲ್ಲಿಸಬೇಕಿಲ್ಲ, ದಿನಕ್ಕೆ ಒಂದು ಹೊತ್ತು ಅದರ ಜಾಗಕ್ಕೆ ಜೀಗುಜ್ಜೆಯೋ ಮ್ವಾಂಗೋ ಬಂದರೆ ಸಾಕು. ಬಿಸ್ಕತ್ತು ಮಾತ್ರ ನಿಲ್ಲಿಸಿಬಿಡಿ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಎ ವಿಟಮಿನ್ ಹನಿ ಕೊಟ್ಟರೆ ಹಾಕಿಸಲಿ, ಬಾಳೆ ತಿನ್ನುತ್ತಾನೆ ಅಂತ ಬಿಡಬೇಡಿ. ಆದರೆ ಒಮ್ಮೆ ಹಾಕಿಸಿದ ಮೇಲೆ ಅಂಗಡಿಯಿಂದ ಇನ್ನೊಂದು ಎ ವಿಟಮಿನ್ ಟಾನಿಕ್ ತಂದು ಸೇರಿಸಬಾರದು. ಔಷಧಿಯ ಎ ವಿಟಮಿನ್ ಅತಿಯಾದರೆ ಲಿವರ್‌ಗೆ ವಿಷ. ಹಣ್ಣಿನ ಕೆರೋಟಿನ್‌ನಿಂದ ಆ ಭಯ ಇಲ್ಲ, ದೇಹ ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳುತ್ತದೆ.

ಹಾಗಾದರೆ ಕೆರೋಟಿನ್ ಮಾತ್ರೆ ನುಂಗಿದರಾಯಿತಲ್ಲ ಅಂತ ಯಾರಾದರೂ ಹೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಫಿನ್‌ಲೆಂಡಿನಲ್ಲಿ 29 ಸಾವಿರ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಜಾಸ್ತಿಯಾಗಿತ್ತು. 1994ರಲ್ಲಿ ಈ ಫಲಿತಾಂಶ ಬಂದಾಗ ಮಾತ್ರೆಯಿಂದ ಒಳ್ಳೆಯದಾಗುತ್ತದೆ ಅಂತ ಕಾದಿದ್ದವರೆಲ್ಲ ಬೆಚ್ಚಿಬಿದ್ದರು. ಹಣ್ಣಿನಲ್ಲಿ ಕೆರೋಟಿನ್ ಒಂದೇ ಇರುವುದಿಲ್ಲ, ಅಷ್ಟು ಪ್ರಮಾಣದಲ್ಲಿ ಒಟ್ಟಿಗೆ ಬರುವುದೂ ಇಲ್ಲ.

ಕೊನೆಗೆ ನೋನಿ. ದ್ವೀಪದವರು ಅದನ್ನು ಮದ್ದಾಗಿ, ಬರಗಾಲದಲ್ಲಿ ಹೊಟ್ಟೆಗಾಗಿ ಬಳಸಿದ್ದು ನಿಜ. ದಿನದ ಊಟದಲ್ಲಿ ಅದು ಇರಲಿಲ್ಲ, ಬಾಟಲಿಗೆ ತುಂಬಿ ಸರ್ವರೋಗಕ್ಕೂ ರಾಮಬಾಣ ಅಂತ ಮಾರಿದ್ದು ಈಚಿನ ವ್ಯಾಪಾರ. ಬಿಪಿ, ಶುಗರ್ ಇಳಿಸುತ್ತದೆ ಎಂದು ನಂಬಿ ಮಾತ್ರೆ ಬಿಡುವಷ್ಟು ಪುರಾವೆ ಅದಕ್ಕಿಲ್ಲ. ಬದಲಿಗೆ ಅದರಲ್ಲಿ ಪೊಟ್ಯಾಷಿಯಂ ಸಾಕಷ್ಟಿದೆ. ವರ್ಷಗಟ್ಟಲೆ ಶುಗರ್, ಬಿಪಿ ಇದ್ದವರ ಕಿಡ್ನಿ ಒಳಗೊಳಗೇ ಸೋತಿರಬಹುದು. ಅಂಥವರಿಗೆ, ಅದರಲ್ಲೂ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ನಡೆಯುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ನೋನಿ ಕುಡಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತರುವುದು ಬೇಡ ಅಂತ ಅಳಿಯನಿಗೆ ಈಗಲೇ ಹೇಳಿಬಿಡಿ. ಯಜಮಾನರ ಕ್ರಿಯಾಟಿನಿನ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿ ಒಂದು ವರ್ಷವಾಗಿದ್ದರೆ ಮತ್ತೊಮ್ಮೆ ಮಾಡಿಸಿ. ಮುಂದಿನ ಸಲ ಬರೆಯುವಾಗ ಆ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಎರಡೂ ಇರಲಿ.